ಬೇಸಗೆಗೆ ಮಾತ್ರ ಮನುಷ್ಯನಾಗುವ ತೋಳ

ಬಸ್ಸಲ್ಲಿ ಪಕ್ಕದವರು ನನ್ನ ಮೊಬೈಲಿಗೆ ಇಣುಕಿದರೆ ಸ್ಕ್ರೀನ್ ಆಫ್ ಮಾಡಿಬಿಡುತ್ತೇನೆ. ನೋಡಬಾರದ್ದೇನೂ ಅಲ್ಲ ಮಾರಾಯ್ರೇ, ತೋಳದ ಕಾದಂಬರಿ! ನಂದಿಕೂರಿನಿಂದ ಪಡುಬಿದ್ರಿ, ಅಲ್ಲಿಂದ ಉಡುಪಿ, ಮತ್ತೆ ಮಣಿಪಾಲ. ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ವಾರಕ್ಕೊಂದು ಪುಸ್ತಕ ಮುಗಿಯುತ್ತದೆ. 27 ವರ್ಷದವಳು ಹದಿಹರೆಯದವರ ಪ್ರೇಮಕಥೆ ಓದುವುದಾ ಅಂತ ಆಫೀಸಲ್ಲಿ ನಗುತ್ತಾರೆ.

ಎಲ್ಲರ ಹಾಗೆ ನಾನೂ ಶುರು ಮಾಡಿದ್ದು ಸ್ಟೆಫನಿ ಮೆಯರ್ ಅವರ ‘ಟ್ವೈಲೈಟ್’ನಿಂದ. 2005ರ ಆ ಪುಸ್ತಕದಲ್ಲಿ ರಕ್ತ ಹೀರುವವರದ್ದೇ ಕಾರುಬಾರು. ಮರುವರ್ಷದ ‘ನ್ಯೂ ಮೂನ್’ನಲ್ಲಿ ಜೇಕಬ್ ತೋಳವಾಗುತ್ತಾನೆ. ಇಂಥ ಕಥೆಗಳ ತೋಳಮನುಷ್ಯನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಎಷ್ಟೋ ಕಥೆಗಳಲ್ಲಿ ಹುಡುಗಿಯನ್ನು ಕಂಡ ಕೂಡಲೇ ‘ಇವಳು ನನ್ನವಳು’ ಅಂತ ತೀರ್ಮಾನ, ಅವಳನ್ನು ಕೇಳುವ ಕ್ರಮವೇ ಇಲ್ಲ. ಆ ಪುಟಗಳನ್ನು ಹಾರಿಸಿ ಮುಂದೆ ಹೋಗುತ್ತೇನೆ.

ಹಾರಿಸದೆ ಓದಿದ್ದು ಮ್ಯಾಗಿ ಸ್ಟೀವಾಟರ್ ಅವರ ‘ಶಿವರ್’. 2009ರ ಕಾದಂಬರಿ. ಕಥೆ ನಡೆಯುವುದು ಅಮೆರಿಕದ ಮಿನ್ನೆಸೋಟದಲ್ಲಿ. ಅಲ್ಲಿ ಹುಣ್ಣಿಮೆಯ ಗೊಡವೆ ಇಲ್ಲ, ಎಲ್ಲವೂ ಚಳಿಯ ಲೆಕ್ಕ. ಚಳಿ ಬಿದ್ದರೆ ಸ್ಯಾಮ್ ತೋಳ, ಬೆಚ್ಚಗಾದರೆ ಮನುಷ್ಯ. ವರ್ಷ ಹೋದ ಹಾಗೆ ಮನುಷ್ಯನಾಗಿರುವ ದಿನಗಳು ಕಡಿಮೆಯಾಗುತ್ತವೆ. ಕೊನೆಗೊಮ್ಮೆ ತೋಳವಾದವನು ಮತ್ತೆ ಬರುವುದಿಲ್ಲ.

ಮೊದಲು ನಗು ಬಂತು. ಡಿಸೆಂಬರಿನಲ್ಲೂ ಫ್ಯಾನ್ ಬೇಕಾಗುವ ನಮ್ಮೂರಲ್ಲಿ ಹುಟ್ಟಿದ್ದರೆ ಸ್ಯಾಮ್‌ಗೆ ತೊಂದರೆಯೇ ಇರಲಿಲ್ಲ! ಆದರೆ ಅವನಿಗೆ ಚಳಿ ತಾಗದಂತೆ ಗ್ರೇಸ್ ಒದ್ದಾಡುವುದನ್ನು ಓದುವಾಗ ಗಂಟಲು ಕಟ್ಟಿತು. ಯಾಕೆಂದು ತಿಳಿಯಲಿಲ್ಲ.

ಒಂದು ಭಾನುವಾರ ಹಪ್ಪಳಕ್ಕೆ ಹಲಸಿನ ಸೊಳೆ ಬಿಡಿಸುತ್ತಾ ಅಮ್ಮನಿಗೆ ಈ ಕಥೆ ಹೇಳಿದೆ. ಅಮ್ಮ ಕೈಗೆ ಎಣ್ಣೆ ಸವರಿಕೊಳ್ಳುತ್ತಾ ಹೇಳಿದರು: “ನಿನ್ನ ಪಪ್ಪನೂ ಹಾಗೇ ಅಲ್ವಾ? ಎರಡು ವರ್ಷಕ್ಕೊಂದು ಮೇ ತಿಂಗಳು ಮಾತ್ರ ನಮ್ಮ ಜನ.”

ಪಪ್ಪ 22 ವರ್ಷ ದುಬೈಯಲ್ಲಿದ್ದರು. ರಜೆಗೆ ಬಂದ ಮೊದಲ ವಾರ ನಾನು ಬಾಗಿಲ ಹಿಂದೆ ಅಡಗುತ್ತಿದ್ದೆ. ಸಲಿಗೆ ಬರುವಷ್ಟರಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿದು ಅದರ ಮೇಲೆ ದೊಡ್ಡಕ್ಷರದಲ್ಲಿ ಹೆಸರು ಬರೆದಾಗುತ್ತಿತ್ತು. ಈಗ ಕೆಲಸ ಬಿಟ್ಟು ಊರಿಗೇ ಬಂದು ಮೂರು ವರ್ಷ. ಆದರೂ ನಮ್ಮ ಮಾತು “ಊಟ ಆಯ್ತಾ”, “ಬಸ್ ಸಿಕ್ತಾ” ಅನ್ನುವುದನ್ನು ದಾಟಿರಲಿಲ್ಲ. ಬಂದವರನ್ನು ಗುರುತು ಮಾಡಿಕೊಳ್ಳುವುದು ನನ್ನ ಕೆಲಸವೂ ಹೌದು ಅಂತ ನನಗೆ ಹೊಳೆದೇ ಇರಲಿಲ್ಲ.

ಅವತ್ತು ರಾತ್ರಿ ಜಗಲಿಯಲ್ಲಿ ಕೂತಿದ್ದ ಪಪ್ಪನಿಗೂ ಅದೇ ಕಥೆ ಹೇಳಿದೆ. ಅಮ್ಮ ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಅವರು ನಡುವೆ ಒಂದೂ ಮಾತಾಡದೆ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಆ ಹುಡುಗನಿಗೆ ಯಾರೂ ಮದ್ದು ಹುಡುಕಲಿಲ್ವಾ ಮಗಾ?” ಅಂದರು.

“ಇನ್ನೂ ಎರಡು ಭಾಗ ಉಂಟು ಪಪ್ಪ” ಅಂದೆ. “ಓದಿ ಹೇಳ್ತೇನೆ.”

“ದಿನಾ ಸ್ವಲ್ಪ ಸ್ವಲ್ಪ ಹೇಳು” ಅಂದರು.