ಆಜ್ಞಾಸಾಲಿನ ಅಂಚೆ ತಂತ್ರಾಂಶದಲ್ಲಿ ಕನ್ನಡ: ‘ಸವಣೂರು’ ಪದದ ನಿದರ್ಶನ

ಹಾವೇರಿ ಜಿಲ್ಲೆಯ ‘ಸವಣೂರು’ ಎಂಬ ಊರ ಹೆಸರು ಬರಹದಲ್ಲಿ ನಾಲ್ಕು ಅಕ್ಷರ. ಸ್ವರಚಿಹ್ನೆಗಳು ಸೇರಿ ಯೂನಿಕೋಡ್‌ನಲ್ಲಿ ಆರು ಸಂಕೇತ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಕ್ರಮದಲ್ಲಿ ತಲಾ ಮೂರರಂತೆ 18 ಬೈಟು. ಈ ಹೆಸರುಳ್ಳ ಪತ್ರವನ್ನು ಲಿನಕ್ಸ್ ಗಣಕದಲ್ಲಿ ‘ಮಟ್’ನಂತಹ ಆಜ್ಞಾಸಾಲಿನ ಅಂಚೆ ತಂತ್ರಾಂಶದಿಂದ ತೆರೆದಾಗ ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ಕಾಣುವುದುಂಟು. ಆಗ ದೋಷವು ಪತ್ರದ್ದೇ ಆಗಿರಬೇಕೆಂದಿಲ್ಲ. ಬಹುಮಟ್ಟಿಗೆ ಅದು ಗಣಕದ ಪರಿಸರ ಚರಗಳದ್ದು.

ಅಕ್ಷರಗಳನ್ನು ಓದುವ ಕ್ರಮವನ್ನು ಅರಿಯಲು ತಂತ್ರಾಂಶವು ಮೊದಲು ‘ಎಲ್‌ಸಿ_ಆಲ್’, ಅದಿಲ್ಲದಿದ್ದರೆ ‘ಎಲ್‌ಸಿ_ಸಿಟೈಪ್’, ಅದೂ ಇಲ್ಲದಿದ್ದರೆ ‘ಲ್ಯಾಂಗ್’ ಚರವನ್ನು ನೋಡುತ್ತದೆ. ಅಲ್ಲಿ ದೊರೆತ ಬೆಲೆ ‘ಸಿ’ ಎಂದಿದ್ದರೆ ಅದಕ್ಕೆ ಆಸ್ಕಿಯ 128 ಸಂಕೇತಗಳಷ್ಟೇ ಪರಿಚಿತ. ಇಲ್ಲಿ ನಿರ್ಣಾಯಕವಾದುದು ಭಾಷೆಯಲ್ಲ, ಸಂಕೇತಕ್ರಮ. ಯುಟಿಎಫ್-8 ಇರುವವರೆಗೆ ಕನ್ನಡದ ‘ಕೆಎನ್_ಐಎನ್’ ಬದಲು ಇಂಗ್ಲಿಷಿನ ‘ಇಎನ್_ಐಎನ್’ ಆರಿಸಿದರೂ ಕನ್ನಡ ಪತ್ರಕ್ಕೆ ಬಾಧೆಯಿಲ್ಲ.

ತಪ್ಪು ಪರಿಸರದಲ್ಲಿಯೂ ಮೂಲಪತ್ರವು ಪೆಟ್ಟಿಗೆಯಲ್ಲಿ ಅಳಿಯದೆ ಉಳಿದಿರುತ್ತದೆ. ಆದರೆ ಆ ಸ್ಥಿತಿಯಲ್ಲಿಯೇ ಅದನ್ನು ಉದ್ಧರಿಸಿ ಉತ್ತರ ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳೇ ರವಾನೆಯಾಗುತ್ತವೆ. ಆ ಉತ್ತರದಿಂದ ಊರ ಹೆಸರನ್ನು ಮರಳಿ ಪಡೆಯಲಾಗದು. ಆದುದರಿಂದ ಉತ್ತರಿಸುವ ಮುನ್ನ ‘ಲೊಕೇಲ್’ ಎಂಬ ಆಜ್ಞೆಯನ್ನಿತ್ತು ಪರಿಸರವನ್ನು ಪರೀಕ್ಷಿಸಿಕೊಳ್ಳುವುದು ಅವಶ್ಯ.