ಕಾಲುವೆಯ ಮೇಲಿಂದ ತರಮಣಿಗೆ

ಚೆನ್ನೈನಲ್ಲಿ ತರಮಣಿಗೆ ಹೋಗುವವರು ಆಟೊದವರ ಜೊತೆ ಚೌಕಾಸಿ ಮಾಡುವುದಕ್ಕಿಂತ ಎಂಆರ್‌ಟಿಎಸ್ ರೈಲು ಹತ್ತುವುದೇ ವಾಸಿ. ಊರಿನವರು ಇದನ್ನು ‘ಪರಕ್ಕುಂ ರಯಿಲ್’, ಹಾರುವ ರೈಲು ಅನ್ನುತ್ತಾರೆ. ಹಾರುವುದೇನೂ ಇಲ್ಲ, ಕಂಬಗಳ ಮೇಲೆ ನಿಧಾನಕ್ಕೆ ಓಡುತ್ತದೆ. ಚೇಪಾಕ್ ದಾಟಿ ಮೈಲಾಪುರದ ಕಡೆ ಹೊರಟರೆ ಕೆಳಗೆ ಕಪ್ಪು ನೀರಿನ ಕಾಲುವೆಯೊಂದು ಜೊತೆಗೇ ಬರುತ್ತದೆ. ರೈಲಿನ ಕಂಬಗಳು ಅದರೊಳಗೇ ಕಾಲೂರಿ ನಿಂತಿವೆ. ವಾಸನೆ ಮೇಲೆ ಬಂದಾಗ ಜನ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆಯೇ ಹೊರತು ಕೆಳಗೆ ಯಾರೂ ನೋಡುವುದಿಲ್ಲ.

ನೋಡಬೇಕು. ಅದು ಬಕಿಂಗ್‌ಹ್ಯಾಮ್ ಕಾಲುವೆ. ಅದರಲ್ಲಿ ಕೂವಂ ನದಿಯನ್ನೂ ಅಡ್ಯಾರ್ ನದಿಯನ್ನೂ ಜೋಡಿಸುವ ಸುಮಾರು ಎಂಟು ಕಿಲೋಮೀಟರಿನ ತುಂಡನ್ನು ತೋಡಿದ್ದು 1877–78ರಲ್ಲಿ, ಬರಗಾಲದ ಪರಿಹಾರ ಕಾಮಗಾರಿಯಾಗಿ. ಆಗಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್‌ನ ಹೆಸರು ಕಾಲುವೆಗೆ ಬಂತು. ತೋಡಿದವರು ಹೊಟ್ಟೆಗಿಲ್ಲದೆ ಬಂದ ಜನ. ನಮ್ಮ ಹಳಬರು ಧಾತು ಈಶ್ವರ ಸಂವತ್ಸರದ ಬರ ಎಂದು ಹೇಳುತ್ತಿದ್ದದ್ದು ಇದನ್ನೇ. ತಮಿಳರಿಗೂ ಅದು ‘ತಾದು ವರುಷ ಪಂಜಂ’. ಹೆಸರಿಗೆ ಮದ್ರಾಸಿನ ಬರವಾದರೂ ಪೆಟ್ಟು ತಿಂದದ್ದು ನಾವೂ ಹೌದು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಗೆ 50 ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿದ್ದರು. ಹತ್ತು ವರ್ಷ ಬಿಟ್ಟು ಎಣಿಸಿದಾಗ 42 ಲಕ್ಷವೂ ಇರಲಿಲ್ಲ.

ಆ ಬರದಲ್ಲಿ ಮದ್ರಾಸಿಗೆ ಕಾಳು ಬಾರದೇ ಇರಲಿಲ್ಲ ಎಂಬುದೇ ಸಂಕಟದ ಮಾತು. ಹಡಗಿನಲ್ಲಿ ಬಂದ ಧಾನ್ಯ ಸಮುದ್ರದ ದಂಡೆಯಲ್ಲಿ ರಾಶಿ ಬಿದ್ದಿತ್ತು, ಕಾವಲೂ ಇತ್ತು. ಒಳನಾಡಿಗೆ ಸಾಗಿಸಲು ರೈಲೂ ಇತ್ತು. ಕೊಳ್ಳಲು ದುಡ್ಡಿರಲಿಲ್ಲ, ಅಷ್ಟೆ. ಪರಿಹಾರದ ಕೂಲಿಯನ್ನು, ಬರದ ಮೇಲ್ವಿಚಾರಣೆಗೆ ಬಂದ ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್, ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದಿಷ್ಟು ಕಾಸಿಗೆ ಇಳಿಸಿದ. ಒಂದು ಪೌಂಡ್ ಎಂದರೆ ನಮ್ಮ ಲೆಕ್ಕಕ್ಕೆ ಅರ್ಧ ಕಿಲೋಗೂ ಕಡಿಮೆ. ಅದನ್ನು ತಿಂದು ಹಗಲಿಡೀ ಮಣ್ಣು ಹೊರಬೇಕು. ಪ್ರಾಂತ್ಯದ ಆರೋಗ್ಯಾಧಿಕಾರಿ ಕಾರ್ನಿಷ್ ಇದು ಸಾಲದು ಎಂದು ಪಟ್ಟು ಹಿಡಿದ ಮೇಲೆ ಕೆಲವು ತಿಂಗಳಲ್ಲಿ ಕೂಲಿ ಏರಿತು.

ರೈಲು ಅಡ್ಯಾರ್ ನದಿ ದಾಟಿ ಕೊಟ್ಟೂರುಪುರಂ, ಇಂದಿರಾ ನಗರ, ತಿರುವಾನ್ಮಿಯೂರು ಮುಗಿಸಿದರೆ ತರಮಣಿ. ಇಳಿದರೆ ಎದುರಿಗೇ ಐಟಿ ಕಂಪನಿಗಳ ಗಾಜಿನ ಗೋಡೆ. ಅದರ ಬೆನ್ನಿಗೆ ಸಂಶೋಧನಾ ಸಂಸ್ಥೆಗಳೇ ತುಂಬಿದ ಒಂದು ಬಡಾವಣೆ, ಅಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ. 1925ರಲ್ಲಿ ಕುಂಭಕೋಣದಲ್ಲಿ ಹುಟ್ಟಿದ ಸ್ವಾಮಿನಾಥನ್ ವೈದ್ಯರಾಗಬೇಕಿದ್ದವರು. 1943ರ ಬಂಗಾಳದ ಬರ ಅವರನ್ನು ಹೊಲದ ಕಡೆ ತಿರುಗಿಸಿತು. ಹಸಿರು ಕ್ರಾಂತಿಯ ಗೋಧಿ, ಭತ್ತದ ಕಥೆ ಎಲ್ಲರಿಗೂ ಗೊತ್ತಿರುವುದೇ. 1987ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಮೊದಲ ಸಲ ಕೊಟ್ಟಾಗ ಅದು ಅವರಿಗೇ ಬಂತು. ಆ ಹಣದಲ್ಲಿ ಮರುವರ್ಷ ಶುರುವಾದದ್ದು ಈ ಪ್ರತಿಷ್ಠಾನ. 2023ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಈಗ ಮಗಳು ಡಾ. ಸೌಮ್ಯಾ ಸ್ವಾಮಿನಾಥನ್ ಅಧ್ಯಕ್ಷೆ.

ಒಣಭೂಮಿಯ ಚಿಂತೆ ಮಾಡುವ ಸಂಸ್ಥೆ ಇರುವ ಜಾಗ ಮಾತ್ರ ತಮಾಷೆಯದು. ಪಕ್ಕದಲ್ಲೇ ಪಳ್ಳಿಕರಣೈ ಜೌಗು ಪ್ರದೇಶ. 2015ರಲ್ಲಿ, ಮತ್ತೆ 2023ರ ಡಿಸೆಂಬರ್‌ನ ಚಂಡಮಾರುತದಲ್ಲಿ ನೆರೆಯ ವೇಳಚ್ಚೇರಿಯಲ್ಲಿ ದೋಣಿ ಓಡಿದವು. ನಡುವೆ 2019ರ ಬೇಸಿಗೆಯಲ್ಲಿ ಇದೇ ಊರಿನ ಜಲಾಶಯಗಳು ಬತ್ತಿ ಜನ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತರು. ಚೆನ್ನೈ ಕುಡಿಯುವ ಕೃಷ್ಣೆಯಲ್ಲಿ ನಮ್ಮ ರಾಜ್ಯ ತನ್ನ ಪಾಲಿನಿಂದ ಬಿಟ್ಟುಕೊಟ್ಟ 5 ಟಿಎಂಸಿಯೂ ಸೇರಿದೆ ಎಂಬುದನ್ನು ಕಾವೇರಿಯ ಗಲಾಟೆಯಲ್ಲಿ ನಾವೇ ಮರೆತಿರುತ್ತೇವೆ.

ಪ್ರತಿಷ್ಠಾನದ ಆವರಣದಲ್ಲಿ ಒಂದು ಬೀಜ ಬ್ಯಾಂಕ್ ಇದೆ. ಇಟಲಿಯ ತಳಿವಿಜ್ಞಾನಿ ಸ್ಕರಾಸಿಯಾ ಮುಗ್ನೊಝಾ ಅವರ ಹೆಸರಿನ ಕೇಂದ್ರವದು. ರೈತರು, ಬುಡಕಟ್ಟಿನವರು ಕಾಪಾಡಿಕೊಂಡು ಬಂದ ನಾಡತಳಿಗಳನ್ನು ಇಲ್ಲಿ ತಂಪಿನಲ್ಲಿ ಇಡುತ್ತಾರೆ. ಯಾವ ಊರಿನವರು ಉಳಿಸಿದ್ದು ಎಂಬ ದಾಖಲೆಯೂ ಜೊತೆಗಿರಬೇಕು, ನಾಳೆ ಯಾವುದೋ ಕಂಪನಿ ಅದೇ ತಳಿಯಿಂದ ದುಡ್ಡು ಮಾಡಿದರೆ ಆ ಊರಿನ ಹಕ್ಕು ತಪ್ಪಬಾರದು ಎಂಬುದು ಇದರ ಹಿಂದಿನ ಯೋಚನೆ. ಒಳ್ಳೆಯ ಕೆಲಸವೇ. ಆದರೆ ತಂಪು ಕೋಣೆಯೊಳಗಿನ ಬೀಜಕ್ಕೆ 2023ರ ಬರ ಗೊತ್ತಿಲ್ಲ. ಆ ವರ್ಷ ಕರ್ನಾಟಕ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಅದಕ್ಕೆ ಎರಡು ವರ್ಷ ಹಿಂದೆ, 2021ರ ನವೆಂಬರ್‌ನಲ್ಲಿ, ಕೋಲಾರ, ತುಮಕೂರು ಕಡೆ ಕೊಯ್ಲಿಗೆ ಬಂದ ರಾಗಿ ಬಿಡದೆ ಸುರಿದ ಮಳೆಗೆ ತೆನೆಯಲ್ಲೇ ಮೊಳಕೆಯೊಡೆದಿತ್ತು. ಹವಾಮಾನ ಬದಲಾಯಿತು ಅಂದರೆ ಹೊಲದಲ್ಲಿ ಕಾಣುವುದು ಇದು: ಬಿತ್ತುವಾಗ ಮಳೆ ಇಲ್ಲ, ಕುಯ್ಯುವಾಗ ಬೇಡವೆಂದರೂ ಬಿಡದು. ಬೀಜ ಇದಕ್ಕೆ ಒಗ್ಗಬೇಕಾದರೆ ವರ್ಷವರ್ಷ ಮಣ್ಣಿಗೆ ಬೀಳಬೇಕು. ಮಣ್ಣಿಗೆ ಬೀಳಬೇಕಾದರೆ ಅದನ್ನು ಯಾರಾದರೂ ಉಣ್ಣಬೇಕು.

ಈ ಮಾತು ಪ್ರತಿಷ್ಠಾನದವರಿಗೆ ಅರ್ಥವಾದದ್ದು ತರಮಣಿಯಲ್ಲಲ್ಲ, ಕೊಲ್ಲಿಮಲೆಯಲ್ಲಿ. ನಾಮಕ್ಕಲ್ ಜಿಲ್ಲೆಯ ಈ ಬೆಟ್ಟಕ್ಕೆ 70 ಹೇರ್‌ಪಿನ್ ತಿರುವು ಹತ್ತಿ ಹೋಗಬೇಕು. ಅಲ್ಲಿನ ಮಲೆಯಾಳಿ ಬುಡಕಟ್ಟಿನವರು (ಹೆಸರು ಹಾಗೆ, ಆಡುವುದು ತಮಿಳು) ಮಳೆ ನಂಬಿ ಸಾಮೆ, ನವಣೆ, ಹಾರಕ, ರಾಗಿ ಬೆಳೆಯುತ್ತಿದ್ದರು. ಸಾಮೆಯೊಂದರಲ್ಲೇ ಪೆರುಂಸಾಮೈ, ಮಲ್ಲಿಯಸಾಮೈ, ಕಟ್ಟವೆಟ್ಟಿ ಸಾಮೈ ಎಂದು ಬಗೆಬಗೆಯ ತಳಿಗಳು. ಆಮೇಲೆ ಮರಗೆಣಸು ಬಂತು. ಕೆಳಗೆ ಸೇಲಂ ಸುತ್ತ ಸಬ್ಬಕ್ಕಿ ಕಾರ್ಖಾನೆಗಳು, ಕಿತ್ತ ಗೆಡ್ಡೆಗೆ ಕೈಮೇಲೆ ಕಾಸು. ಸಾಮೆಯ ಹೊಲ ಕುಗ್ಗುತ್ತ ಬಂತು.

ದುಡ್ಡಿನ ಆಸೆಗೆ ರೈತ ಹಳೆಯದನ್ನು ಬಿಟ್ಟ ಎಂದು ಇಲ್ಲಿಗೇ ಷರಾ ಬರೆದುಬಿಡುವುದು ಸುಲಭ. ಇನ್ನೊಂದು ಕಾರಣ ಒರಳಿನಲ್ಲಿತ್ತು.

ನನ್ನ ಅಜ್ಜಿ ನವಣೆ ಕುಟ್ಟುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಎರಡು ಸೇರು ಕಾಳನ್ನು ಒರಳಿಗೆ ಸುರಿಯುವುದು, ಒಂದಿಷ್ಟು ನೀರು ಚಿಮುಕಿಸುವುದು, ಒನಕೆ ಎತ್ತಿ ಹಾಕುವುದು. ಮೊರಕ್ಕೆ ತೆಗೆದು ಕೇರಿದರೆ ಹೊಟ್ಟು ಹಾರುತ್ತಿತ್ತು, ಆದರೆ ಅರ್ಧಕ್ಕರ್ಧ ಕಾಳು ಸಿಪ್ಪೆ ಬಿಟ್ಟಿರುತ್ತಿರಲಿಲ್ಲ. ಮತ್ತೆ ಒರಳಿಗೆ, ಮತ್ತೆ ಮೊರಕ್ಕೆ. ಅಂಗೈಗೆ ಹಾಕಿ ಊದಿ ನೋಡುವುದು, ‘ಇನ್ನೂ ಐತೆ’ ಅನ್ನುವುದು. ಬೆಳಿಗ್ಗೆ ಕೂತರೆ ಮಧ್ಯಾಹ್ನದ ಊಟಕ್ಕಾಗುವಷ್ಟು ಅಕ್ಕಿ. ಸಾಮೆಯ ಕಾಳು ಇನ್ನೂ ಸಣ್ಣದು, ಹೊಟ್ಟು ಇನ್ನೂ ಬಿಗಿ. ಪಡಿತರದಲ್ಲಿ ಬೆಳ್ಳಗಿನ ಅಕ್ಕಿ ಬಂದ ದಿನ ಯಾವ ಹೆಂಗಸು ಒನಕೆ ಮೂಲೆಗಿಟ್ಟಳೋ ಅವಳನ್ನು ತಪ್ಪು ಹಿಡಿಯಲು ನನಗಂತೂ ಬಾಯಿಲ್ಲ.

ರಾಗಿ ನಮ್ಮಲ್ಲಿ ಉಳಿದು ನವಣೆ, ಸಾಮೆ, ಹಾರಕ ಮೂಲೆ ಸೇರಿದ ಗುಟ್ಟೂ ಇದರಲ್ಲೇ ಇದೆ ಎಂದು ನನ್ನ ಎಣಿಕೆ. ರಾಗಿಗೆ ಬಿಡಿಸಬೇಕಾದ ಹೊಟ್ಟಿಲ್ಲ. ಬಡಿದು, ತೂರಿ, ಬೀಸಿದರೆ ಹಿಟ್ಟು. ಹಗೇವಿನಲ್ಲಿಟ್ಟರೆ ವರ್ಷಗಟ್ಟಲೆ ಹುಳ ಬೀಳದು. ಊರಿಗೊಂದು ಹಿಟ್ಟಿನ ಗಿರಣಿ ಬಂದ ಮೇಲಂತೂ ಮುದ್ದೆಗೆ ಅಡ್ಡಿಯೇ ಇಲ್ಲ. ದೇಶದ ರಾಗಿಯಲ್ಲಿ ಅರ್ಧಕ್ಕೂ ಹೆಚ್ಚು ಇವತ್ತಿಗೂ ಕರ್ನಾಟಕದ್ದೇ. ಸರ್ಕಾರದ ಆಸರೆಯೂ ಅಲ್ಲಿಗೇ ನಿಲ್ಲುತ್ತದೆ: ಕೇಂದ್ರದ ಬೆಂಬಲ ಬೆಲೆ ಇರುವುದು ಜೋಳ, ಸಜ್ಜೆ, ರಾಗಿಗೆ. ಸಾಮೆಗೂ ಇಲ್ಲ, ನವಣೆಗೂ ಇಲ್ಲ. ಮಳೆ ತಡವಾದಾಗ ಕೊನೆಗೆ ಬಿತ್ತಬಹುದಾದ, ಸುಮಾರು ಮೂರು ತಿಂಗಳಿಗೆ ಕೈಗೆ ಬರುವ ಬೆಳೆ ಸಾಮೆ. ಬರವನ್ನು ತಡೆದುಕೊಳ್ಳುವ ಕಾಳಿಗೇ ಆಸರೆ ಕಡಿಮೆ.

ಕೊಲ್ಲಿಮಲೆಯಲ್ಲಿ ಪ್ರತಿಷ್ಠಾನ ಮಾಡಿದ ಕೆಲಸಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಬೀಜದ ಗೂಡಲ್ಲ, ಹೊಟ್ಟು ಬಿಡಿಸುವ ಸಣ್ಣ ಗಿರಣಿ. ಹಾಡಿಗಳಲ್ಲಿ ಗಿರಣಿ ಇಟ್ಟು ನಡೆಸುವ ಹೊಣೆಯನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ಕೊಟ್ಟರು. ಬೀಜ ಉಳಿಸುವುದು, ಬೆಳೆಯುವುದು, ಉಣ್ಣುವುದು, ಮಾರುವುದು ನಾಲ್ಕೂ ಒಂದಕ್ಕೊಂದು ಗಂಟು ಬಿದ್ದಿರಬೇಕು ಎಂಬುದು ಅವರ ಸೂತ್ರ. ಸಾಮೆಯ ಅಕ್ಕಿ, ರಾಗಿಮಾಲ್ಟು ಪೊಟ್ಟಣವಾಗಿ ಪೇಟೆಗೆ ಇಳಿದವು. ಮರಗೆಣಸು ಹೋಯಿತೇ? ಇಲ್ಲ, ಬೆಟ್ಟದ ತುಂಬ ಈಗಲೂ ಅದೇ. ಕಾಸಿನ ಬೆಳೆಯನ್ನು ಗಿರಣಿಯೊಂದೇ ಓಡಿಸುವುದಿಲ್ಲ. ಆದರೆ ಉಣ್ಣಬೇಕೆಂದರೆ ಸಾಮೆ ಉಣ್ಣಬಹುದು ಎನ್ನುವ ಸ್ಥಿತಿಗೆ ಬರುವುದೂ ಸಣ್ಣ ಮಾತಲ್ಲ.

ತಮಿಳುನಾಡು ಸರ್ಕಾರ 2023ರಲ್ಲಿ ನೀಲಗಿರಿ, ಧರ್ಮಪುರಿ ಜಿಲ್ಲೆಗಳ ಪಡಿತರದಲ್ಲಿ ಎರಡು ಕಿಲೋ ಅಕ್ಕಿಯ ಬದಲು ರಾಗಿ ಕೊಡಲು ಶುರುಮಾಡಿತು. ಎರಡೂ ಕಡೆ ಕನ್ನಡ ಆಡುವ ಜನರಿದ್ದಾರೆ, ರಾಗಿ ಗೊತ್ತಿರುವ ಜನ. ವಿಶ್ವಸಂಸ್ಥೆ ಅದೇ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಕರೆದಿತ್ತು. ಒಂದು ಅಕ್ಷರದ ಆಟ ನೋಡಿ: ತಮಿಳಿನಲ್ಲಿ ಇವು ‘ಸಿರುದಾನಿಯಂ’, ಅಂದರೆ ಕಿರುಧಾನ್ಯ. ನಾವು ಕಿರುವನ್ನು ಸಿರಿ ಮಾಡಿದೆವು. ಹಾಗೆ ಮಾಡಿದ ಮೇಲೆ ಬೆಂಗಳೂರಿನ ಅಂಗಡಿಯಲ್ಲಿ ಬೆಲೆಯೂ ಸಿರಿವಂತರದ್ದೇ ಆಯಿತು.

ತರಮಣಿಯಿಂದ ತಿರುವಾನ್ಮಿಯೂರಿನ ಕಡೆ ನಡೆದು ಬರುವಾಗ ರಸ್ತೆ ಬದಿಯಲ್ಲಿ ಕೂಳಿನ ಗಾಡಿ. ಬೇಸಿಗೆಯ ಚೆನ್ನೈನಲ್ಲಿ ಇವು ಗಲ್ಲಿಗೊಂದು. ತಮಿಳರ ‘ಕೂೞ್’ ನಮ್ಮ ಕೂಳೇ, ಆದರೆ ನಮ್ಮಲ್ಲಿ ಅದು ‘ದಂಡದ ಕೂಳು’ ಎಂಬ ಬೈಗುಳದಲ್ಲಿ ಉಳಿಯಿತು. ಅವರಲ್ಲಿ ಆಡಿ ಮಾಸ ಬಂದರೆ ಅಮ್ಮನ ಗುಡಿಗಳಲ್ಲಿ ಹಂಡೆಗಟ್ಟಲೆ ಕಾಯಿಸಿ ಹಂಚುವ ಪ್ರಸಾದ. ಗಾಡಿಯಲ್ಲಿ ಎರಡು ಸ್ಟೀಲ್ ಡ್ರಮ್ಮು, ಒಂದರಲ್ಲಿ ಕಂಬು ಅಂದರೆ ಸಜ್ಜೆ, ಇನ್ನೊಂದರಲ್ಲಿ ಕೇಳ್ವರಗು ಅಂದರೆ ರಾಗಿ. ಹಿಂದಿನ ರಾತ್ರಿ ಹುಳಿ ಬರಲು ಬಿಟ್ಟ ಗಂಜಿಗೆ ಮಜ್ಜಿಗೆ ಬೆರೆಸಿ, ಸಣ್ಣ ಈರುಳ್ಳಿ ಹಾಕಿ ಚೊಂಬಿನಲ್ಲಿ ಕೊಡುತ್ತಾರೆ. ನೆಂಜಿಕೊಳ್ಳಲು ತಟ್ಟೆಯಲ್ಲಿ ಕರಿದ ಮಜ್ಜಿಗೆ ಮೆಣಸಿನಕಾಯಿ, ಉಪ್ಪುಖಾರ ಸವರಿದ ಮಾವಿನ ಹೋಳು. ಕುತ್ತಿಗೆಗೆ ಐಡಿ ಕಾರ್ಡು ನೇತುಹಾಕಿಕೊಂಡ ಹುಡುಗರಿಬ್ಬರು, ಒಬ್ಬ ಆಟೊದವನು, ಸೆಕ್ಯುರಿಟಿ ಸಮವಸ್ತ್ರದ ಮುದುಕರೊಬ್ಬರು ನಿಂತೇ ಕುಡಿಯುತ್ತಿದ್ದರು.

‘ಅಕ್ಕಾ, ಸಾಮೈ ಕೂೞ್ ಇಲ್ಲೆಯಾ?’ ಎಂದು ನನ್ನ ಅರೆಬರೆ ತಮಿಳಿನಲ್ಲಿ ಕೇಳಿದೆ. ಆಕೆ ನಕ್ಕು ತಲೆಯಾಡಿಸಿದರು. ಅದೆಲ್ಲ ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತೆ, ಈ ಗಾಡಿಗೆ ಗಿಟ್ಟಲ್ಲ ಎಂಬರ್ಥದ್ದೇನೋ ಹೇಳಿ ರಾಗಿಯ ಡ್ರಮ್ಮಿಗೆ ಸೌಟು ಇಳಿಸಿದರು. ಹನ್ನೊಂದು ಗಂಟೆಯೂ ಆಗಿರಲಿಲ್ಲ, ಸೌಟು ತಳ ಕೆರೆಯುವ ಸದ್ದು ಬಂತು.