ಮಾರೇನಹಳ್ಳಿಗೆ ಎಷ್ಟು ಅಕ್ಷರ?

ಬೆಂಗಳೂರಿನ ಪಶ್ಚಿಮಕ್ಕೆ, ವಿಜಯನಗರದ ಮಗ್ಗುಲಲ್ಲಿ ಮಾರೇನಹಳ್ಳಿ ಇದೆ. ಜಯನಗರದ ಕಡೆಯ ಮಾರೇನಹಳ್ಳಿ ಬೇರೆ. ಎರಡೂ ಒಂದು ಕಾಲಕ್ಕೆ ಹಳ್ಳಿಗಳೇ. ನಗರ ಬೆಳೆಯುತ್ತ ಬಂದು ಅವನ್ನು ತನ್ನೊಳಗೆ ಸೇರಿಸಿಕೊಂಡಿತು. ಈಗ ಹಳ್ಳಿ ಉಳಿದಿರುವುದು ಹೆಸರಿನ ಕೊನೆಯಲ್ಲಿ ಮಾತ್ರ. ಈ ಹೆಸರಿಗೆ ಎಷ್ಟು ಅಕ್ಷರ ಎಂದು ಕನ್ನಡ ಶಾಲೆಯ ಮಗುವನ್ನು ಕೇಳಿದರೆ ಮಾ, ರೇ, ನ, ಹ, ಳ್ಳಿ ಎಂದು ಬೆರಳು ಮಡಚಿ, ಐದು ಎನ್ನುತ್ತದೆ. ಇಂಗ್ಲಿಷ್ ಮಾಧ್ಯಮದ ಮಗು ಸ್ಪೆಲಿಂಗ್ ಒಪ್ಪಿಸಿ, 11 ಎನ್ನುತ್ತದೆ. ಆಸುಪಾಸಿನ ವಿಜಯನಗರ, ರಾಜಾಜಿನಗರಗಳಿಗೂ ಇಂಗ್ಲಿಷಿನಲ್ಲಿ 11 ಅಕ್ಷರ, ಕನ್ನಡದಲ್ಲಿ ಆರಾರು. ಕೆಂಗೇರಿಗೆ ಅಲ್ಲಿ ಏಳು, ಇಲ್ಲಿ ಮೂರು.

ಇಬ್ಬರು ಮಕ್ಕಳ ಉತ್ತರವೂ ಸರಿಯೇ. ಎಣಿಸುವ ವಸ್ತು ಮಾತ್ರ ಬೇರೆ. ಹಳ್ಳಿ ಎನ್ನುವಾಗ ಬಾಯಿ ಉಚ್ಚರಿಸುವುದು ಹ್, ಅ, ಳ್, ಳ್, ಇ ಎಂಬ ಐದು ಧ್ವನಿಗಳನ್ನು. ವ್ಯಾಕರಣಕಾರರು ಇವನ್ನು ವರ್ಣಗಳೆಂದರು. ಇಂಗ್ಲಿಷ್ ಸ್ಪೆಲಿಂಗ್ ಇವನ್ನು ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲಿಸುತ್ತದೆ. ಕನ್ನಡ ಲಿಪಿ ಅವನ್ನು ಕೂಡಿಸಿ ಹ ಮತ್ತು ಳ್ಳಿ ಎಂಬ ಎರಡು ಅಕ್ಷರಗಳಾಗಿ ಕಟ್ಟುತ್ತದೆ. ಮಾರೇನಹಳ್ಳಿಯ ವರ್ಣಗಳನ್ನು ಎಣಿಸಿದರೆ ಕನ್ನಡದಲ್ಲೂ ಬರುವುದು 11.

ಇಂಗ್ಲಿಷಿನ ಪದವಿನೋದಗಳೆಲ್ಲ ನಿಂತಿರುವುದು ಈ ಬಿಡಿ ಅಕ್ಷರಗಳ ಮೇಲೆ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ರಚಿಸಿದ ಪದಬಂಧ ಅಚ್ಚಾಯಿತು. ಈಗಿನ ಪದಬಂಧಗಳ ಮೂಲ ಅದೇ. 2021ರಲ್ಲಿ ಜೋಶ್ ವಾರ್ಡಲ್ ಎಂಬ ಎಂಜಿನಿಯರ್ ‘ವರ್ಡಲ್’ ಎಂಬ ಆಟವನ್ನು ಜನರ ಮುಂದಿಟ್ಟ. ಐದು ಅಕ್ಷರದ ಪದವೊಂದನ್ನು ಆರು ಯತ್ನಗಳಲ್ಲಿ ಊಹಿಸಬೇಕು. ಯಾವ ಅಕ್ಷರ ಇದೆ, ಯಾವುದಿಲ್ಲ ಎಂಬುದನ್ನು ಬಣ್ಣ ತಿಳಿಸುತ್ತದೆ. ಮರುವರ್ಷದ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಅದನ್ನು ಕೊಂಡುಕೊಂಡಿತು. 26 ಅಕ್ಷರಗಳನ್ನು ಐದು ಮನೆಗಳಲ್ಲಿ ಹೇಗೆಂದರೆ ಹಾಗೆ ಕೂರಿಸಿದರೆ ಒಂದು ಕೋಟಿ 18 ಲಕ್ಷಕ್ಕೂ ಮಿಕ್ಕಿದ ಜೋಡಣೆಗಳಾಗುತ್ತವೆ. ಆಟದ ಮೊದಲ ರೂಪದಲ್ಲಿ ಉತ್ತರವಾಗಿ ಇಟ್ಟಿದ್ದ ಪದಗಳು ಸುಮಾರು 2,300 ಮಾತ್ರ. ‘ಐದು ಅಕ್ಷರ, ನಡುವೆ ಎ, ಕೊನೆಗೆ ಎನ್’ ಎಂದೊಡನೆ ಟ್ರೈನ್, ಬ್ರೈನ್, ಗ್ರೈನ್ ಎಂದು ಮನಸ್ಸು ಓಡುವುದು ಈ ಕಾರಣದಿಂದ.

ಕನ್ನಡದಲ್ಲಿ ಈ ಲೆಕ್ಕ ಬದಲಾಗುತ್ತದೆ. ಇಲ್ಲಿ ವ್ಯಂಜನಗಳು 34, ಸ್ವರಗಳು 13. ಕಾಗುಣಿತವನ್ನಷ್ಟೇ ಎಣಿಸಿದರೂ 442 ಅಕ್ಷರಗಳು. ಅನುಸ್ವಾರ, ಒತ್ತಕ್ಷರಗಳು ಸೇರಿದರೆ ಸಂಖ್ಯೆ ಇನ್ನೂ ಬೆಳೆಯುತ್ತದೆ. ಕನ್ನಡ ಪದಬಂಧದ ಒಂದು ಮನೆಯಲ್ಲಿ ಕೂರುವುದು ಇಂಥ ಇಡೀ ಅಕ್ಷರ. ಅಡ್ಡ ಸಾಲಿನ ‘ಹಳ್ಳಿ’ಯ ಕೊನೆಯ ಮನೆಯನ್ನು ಮೇಲಿನಿಂದ ಇಳಿಯುವ ‘ಬಳ್ಳಿ’ ಹಂಚಿಕೊಳ್ಳಬಹುದು; ‘ಮುಳ್ಳು’ ಹಂಚಿಕೊಳ್ಳುವಂತಿಲ್ಲ. ಒತ್ತು ಒಂದೇ ಆದರೂ ಸ್ವರ ಬೇರೆ. ಪದಬಂಧ ರಚಿಸುವವರ ಕಷ್ಟ ಇರುವುದು ಇಲ್ಲಿ. ಬಿಡಿಸುವವರಿಗೆ ಇದೇ ಅನುಕೂಲ: ಒಂದು ಮನೆ ತುಂಬಿದರೆ ವ್ಯಂಜನ, ಸ್ವರ ಎರಡೂ ಒಟ್ಟಿಗೆ ಸಿಕ್ಕಂತೆ.

ಹಾಗೆಂದು ಅಕ್ಷರದ ಆಟ ಕನ್ನಡಕ್ಕೆ ಹೊರಗಿನಿಂದ ಬಂದದ್ದಲ್ಲ. ಗೊತ್ತಾದ ಜಾಗದಲ್ಲಿ ಗೊತ್ತಾದ ಅಕ್ಷರವೇ ಬರಬೇಕೆಂಬ ನಿಯಮ ಹಳೆಯ ಕಾವ್ಯದ ಜೀವಾಳವಾಗಿತ್ತು. ಅದೇ ಆದಿಪ್ರಾಸ. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಇರಬೇಕು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಪ್ರಾಸದ ಬಗೆಗಳನ್ನು ವಿವರಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ವ್ಯಂಜನ ಹೊಂದಿದರೆ ಸಾಕು, ಅದರ ಮೇಲಿನ ಸ್ವರ ಬದಲಾಗಬಹುದು. ಹಳ್ಳಿಗೆ ಬಳ್ಳವೂ ಪ್ರಾಸ, ಮುಳ್ಳೂ ಪ್ರಾಸ. ಪದಬಂಧ ಒಪ್ಪದ ಜೋಡಿಯನ್ನು ಕವಿಯ ಕಿವಿ ಒಪ್ಪುತ್ತದೆ. ಅಕ್ಷರ ಒಂದೇ ಘಟಕವೆಂಬುದೂ ಅದರೊಳಗೆ ಎರಡು ಪಾಲು ಉಂಟೆಂಬುದೂ ಕವಿಗಳಿಗೆ ತಿಳಿದಿತ್ತು.

ಈ ಕಟ್ಟು ಸಾವಿರ ವರ್ಷ ನಡೆಯಿತು. ಪ್ರಾಸಕ್ಕಾಗಿ ಪದ ಹುಡುಕುತ್ತ ಹೇಳಬೇಕಾದ್ದನ್ನು ತಿರುಚಬೇಕಾಗುತ್ತದೆಂಬ ಅಸಮಾಧಾನವೂ ಜೊತೆಗೇ ಬೆಳೆಯಿತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಪ್ರಾಸವನ್ನು ಬಿಟ್ಟು ಬರೆಯತೊಡಗಿದಾಗ ದೊಡ್ಡ ಚರ್ಚೆಯೇ ಎದ್ದಿತು. ಮುಂದೆ ಹೊಸಗನ್ನಡ ಕವಿತೆ ನಡೆದದ್ದು ಅವರು ತೆರೆದ ದಾರಿಯಲ್ಲಿ.

ಹಳೆಯ ಕಟ್ಟು ಇನ್ನೂ ಜೀವಂತವಾಗಿರುವ ಒಂದು ಕಲೆ ಅವಧಾನ. ಅದರ ನಿಷೇಧಾಕ್ಷರಿಯಲ್ಲಿ ಅವಧಾನಿ ಪದ್ಯವನ್ನು ಒಂದೊಂದೇ ಅಕ್ಷರವಾಗಿ ಹೇಳುತ್ತ ಹೋಗಬೇಕು. ಪೃಚ್ಛಕರು ಮುಂದಿನ ಅಕ್ಷರ ಯಾವುದಿರಬಹುದೆಂದು ಊಹಿಸಿ ಅದನ್ನೇ ಬೇಡವೆನ್ನುತ್ತಾರೆ. ಛಂದಸ್ಸು ಕೆಡದಂತೆ, ಅರ್ಥ ತಪ್ಪದಂತೆ, ಕಾಗದ ಪೆನ್ನುಗಳಿಲ್ಲದೆ ಬೇರೊಂದು ಪದಕ್ಕೆ ಹೊರಳಬೇಕು. ಡಾ. ಆರ್. ಗಣೇಶ್ 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿಕೊಟ್ಟರು.

ಮಗು, ಕವಿ, ಅವಧಾನಿ ಎಲ್ಲರಿಗೂ ತಿಳಿದಿರುವ ಈ ಅಕ್ಷರ ಯಂತ್ರಕ್ಕೆ ಮಾತ್ರ ಸುಲಭವಾಗಿ ತಿಳಿದಿಲ್ಲ. ಕಂಪ್ಯೂಟರುಗಳ ಯೂನಿಕೋಡ್ ಪದ್ಧತಿಯಲ್ಲಿ ಮೂಲಾಕ್ಷರ, ಸ್ವರಚಿಹ್ನೆ, ಒತ್ತಿಗೆ ಬೇಕಾದ ಹಲಂತ ಇವಕ್ಕೆಲ್ಲ ಬೇರೆ ಬೇರೆ ಸಂಕೇತ. ಳ್ಳಿ ಒಂದಕ್ಕೇ ನಾಲ್ಕು ಬೇಕು, ಮಾರೇನಹಳ್ಳಿಗೆ 10. ಮೊಬೈಲಿನ ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡದ ಸಂಕೇತಗಳು ಹಿಡಿಸುವುದು 70. ಎಡೆಬಿಡದೆ ಬರೆದರೆ ಮಾರೇನಹಳ್ಳಿ ಇಂಗ್ಲಿಷಿನಲ್ಲಿ 14 ಸಲ ಕೂರುತ್ತದೆ, ಕನ್ನಡದಲ್ಲಿ ಏಳೇ ಸಲ.

ಬಿಡಿ ಸಂಕೇತಗಳನ್ನು ಓದುಗರ ಕಣ್ಣಿನ ಅಕ್ಷರವಾಗಿ ಕೂಡಿಸಲು ಯೂನಿಕೋಡ್ ಕೆಲವು ನಿಯಮಗಳನ್ನು ಮಾಡಿದೆ. ಒತ್ತಕ್ಷರವನ್ನು ಒಡೆಯದೆ ಒಂದೆಂದು ಎಣಿಸುವ ನಿಯಮ 2023ರ ಆವೃತ್ತಿಯಲ್ಲಿ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ಆವೃತ್ತಿಯ ಲೆಕ್ಕದಲ್ಲಿ ಳ್ಳಿ ಒಡೆದು ಎರಡಾಗುತ್ತದೆ, ಮಾರೇನಹಳ್ಳಿಗೆ ಆರು ಅಕ್ಷರವಾಗುತ್ತದೆ.

ಇದು ಬರಿಯ ಆಟದ ಮಾತಲ್ಲ. ಅರ್ಜಿಯಲ್ಲಿ ಹೆಸರಿಗೆ ಎಷ್ಟು ಜಾಗ, ತಿದ್ದುವಾಗ ಒಂದು ಕೀಲಿ ಒತ್ತಿದರೆ ಎಷ್ಟು ಅಳಿಯಬೇಕು, ಮಕ್ಕಳ ಪದಬಂಧಕ್ಕೆ ಎಷ್ಟು ಮನೆ ಎಂಬುದೆಲ್ಲ ಈ ಎಣಿಕೆಯನ್ನೇ ನೆಚ್ಚಿದೆ. ಇಂಗ್ಲಿಷಿಗಾಗಿ ಮಾಡಿದ ಅಳತೆಗೋಲನ್ನು ಹಾಗೆಯೇ ಕನ್ನಡಕ್ಕೆ ಹಿಡಿದರೆ ಹಳ್ಳಿ ಎಂಬ ಎರಡಕ್ಷರದ ಮಾತೂ ತಪ್ಪುತ್ತದೆ. ಅಳತೆಗೋಲನ್ನು ತಿದ್ದುವುದು ಕಷ್ಟದ ಕೆಲಸವೇನಲ್ಲ. ಅದಕ್ಕೆ ಬೇಕಾದ ಸೂತ್ರ ಬೆರಳು ಮಡಚಿ ಐದು ಎಂದ ಮಗುವಿನ ಬಳಿಯೇ ಇದೆ.